ಸೆಲೀನಾಳ ನಾಲ್ಕು ಮಗ್ಗ

"ತೆಳ್ಳಗೆ ಕೊಯ್ಯೇ, ತೆಳ್ಳಗೆ! ಬೀದಿಗೆ ಬೀದಿನೇ ಬಂದು ಕೂತಿದೆ," ಎಂದು ತಬಿತಾ ಚಿಕ್ಕಮ್ಮ ಎಸ್ತರಳ ಕೈಯಿಂದ ಚಾಕು ಕಿತ್ತುಕೊಂಡಳು. ಹಂದಿತೊಡೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೋಳು ಮಾಡಿ ತಟ್ಟೆಯಲ್ಲಿ ಹರಡಿದಳು. "ಹಿಂಗೆ. ನಿನ್ನ ದಪ್ಪ ಹೋಳು ನಿಮ್ಮಮ್ಮ ನೋಡಿದ್ರೆ, ನನ್ನ ಸಾವು ಇವಳಿಗೆ ಹಬ್ಬ ಆಯ್ತಲ್ಲ ಅಂತಿದ್ಲು."

ಎಸ್ತರಳ ಅಮ್ಮ ಸೆಲೀನಾಳನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಶನಿವಾರದ ಮಧ್ಯಾಹ್ನ, ಗಿರಣಿ ನಿಂತಿತ್ತು. ಚಿಮಣಿಯ ಹೊಗೆ ಮಾತ್ರ ಮೇಲೇರಲಾರದೆ ಲ್ಯಾಂಕಶೈರಿನ ಆ ಬೀದಿಯ ಹೆಂಚುಗಳ ಮೇಲೇ ಕವುಚಿಕೊಂಡಿತ್ತು.

ತಬಿತಾ ರಕ್ತಸಂಬಂಧಿಯಲ್ಲ. ಸೆಲೀನಾಳ ಪಕ್ಕದ ಮಗ್ಗದವಳು. ಆ ಬೀದಿಯಲ್ಲಿ ಅದು ಒಡಹುಟ್ಟಿಗಿಂತ ಒಂದು ಕೈ ಹೆಚ್ಚು.

ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕಪ್ಪು ಟೋಪಿ ಹಾಕಿಕೊಂಡೇ ಚಹಾ ಕುಡಿಯುತ್ತ ಒಂದೇ ಸಮ ಹರಟುತ್ತಿದ್ದರು. ಕೇಳುತ್ತಿದ್ದುದು ಕಪ್ಪು-ಬಸಿಗಳ ಸದ್ದಷ್ಟೇ. ಚಿಕ್ಕಂದಿನಲ್ಲೇ ಮಗ್ಗದ ಸಾಲಿಗೆ ಹೋದವರು ಅವರು. ಮಗ್ಗದ ಸದ್ದಿಗೆ ಕಿವಿಯನ್ನು ಅಲ್ಲೇ ಒಪ್ಪಿಸಿ ಬಂದಿದ್ದರು. ಮಾತೆಲ್ಲ ತುಟಿಯಲ್ಲಿ, ಕೇಳುವುದೆಲ್ಲ ಕಣ್ಣಲ್ಲಿ. ಕೋಣೆಯ ಈ ಮೂಲೆಯವಳು ಆ ಮೂಲೆಯವಳಿಗೆ ದನಿಯಿಲ್ಲದೆ ಹೇಳುತ್ತಿದ್ದಳು:

"ಹೊಸ ಪಾದ್ರಿ ಏನಂದ್ನೇ? ಆ ಮೀಸೇಲಿ ಒಂದಕ್ಷರ ಓದೋಕಾಗ್ಲಿಲ್ಲ."

"ಸೆಲೀನಾನ ಸ್ವರ್ಗಕ್ಕೆ ಕಳಿಸಿದ್ನೋ ನರಕಕ್ಕೋ ಆ ಮೀಸೆಗೇ ಗೊತ್ತು."

ಭುಜಗಳು ಕುಲುಕಿದವು.

ಎಸ್ತರಳ ಗಂಡ ಎಡ್ವಿನ್ ಬಾಗಿಲ ಬಳಿ ನಿಂತಿದ್ದ. ಅವನು ಕಲ್ಲಿದ್ದಲಿನವನು. ಗಣಿ ಮುಚ್ಚಿ ಎರಡು ಚಳಿಗಾಲ ಕಳೆದಿತ್ತು. "ಇವರೇನು ಮಾರಾಯ್ತಿ, ದಡಕ್ಕೆ ಬಿದ್ದ ಮೀನಿನ ಹಂಗೆ ಬಾಯಿ ಆಡಿಸ್ತಾರೆ," ಎಂದು ಗೊಣಗಿದ.

ಎಸ್ತರ್ ತಬಿತಾಳ ಮುಖಕ್ಕೆ ಮುಖ ಕೊಟ್ಟು ಕೇಳಿದಳು. "ಮ್ಯಾನೇಜರ್ ಬರ್ತಾನಾ?"

"ಬರ್ತಾನೆ. ನಾನೇ ಆಫೀಸಿಗೆ ಹೋಗಿ ಹೇಳ್ಬಂದಿದೀನಿ. ಸೆಲೀನಾಳ ನಾಲ್ಕು ಮಗ್ಗ ಸೆಲೀನಾಳ ಮಗಳಿಗೇ. ಅದೇ ಇಲ್ಲಿ ನಡ್ಕೊಂಡು ಬಂದಿರೋದು. ಬೇರೆಯವರ ಕೈಗೆ ಬಿದ್ರೆ ನಾವ್ಯಾರೂ ಸುಮ್ನಿರಲ್ಲ ಅಂದೆ."

"ಅದಕ್ಕೇನಂದ?"

"ಹೋಗಮ್ಮಾ, ನೋಡೋಣ ಅಂದ. ನಕ್ಕ." ತಬಿತಾ ಚಾಕು ಒರೆಸಿದಳು. "ಆ ನಗು ನಂಗ್ಯಾಕೋ ಹಿಡಿಸ್ಲಿಲ್ಲ ಕಣೇ."

ಎಸ್ತರಳಿಗೂ ನೇಯ್ಗೆ ಗೊತ್ತು, ತುಟಿಯ ಮಾತೂ ಗೊತ್ತು. ಅವಳಿದ್ದ ಗಿರಣಿ ಬಾಗಿಲು ಹಾಕಿದ ಮೇಲೆ ಮನೆಯ ಐದು ಹೊಟ್ಟೆಗೂ ಅಮ್ಮ ಈ ಗಿರಣಿಯಲ್ಲಿ ನಡೆಸುತ್ತಿದ್ದ ನಾಲ್ಕು ಮಗ್ಗವೇ ಗತಿಯಾಗಿತ್ತು. ಇವತ್ತು ಮ್ಯಾನೇಜರನ ಬಾಯಿಂದ ಒಂದು 'ಹೂಂ' ಬರದಿದ್ದರೆ, ಬರುವ ಶನಿವಾರ ಒಲೆಗೆ ಕೆಲಸವಿರುವಂತಿರಲಿಲ್ಲ.

*

ಎಸ್ತರ್ ಚಿಕ್ಕವಳಿದ್ದಾಗ ಅಮ್ಮ ಬೆಂಕಿಯ ಮುಂದೆ ಕೂತು ಕತೆ ಹೇಳುತ್ತಿದ್ದಳು. ಅವಳ ಕೆಳತುಟಿಯ ಮೇಲೆ ಎಣ್ಣೆಯ ಕಪ್ಪು ಕೂತಿರುತ್ತಿತ್ತು. ಪ್ರತಿ ಸಲ ನೂಲು ಸುತ್ತಿದ ಕಂಡಿಕೆ ಬದಲಿಸಿದಾಗಲೂ ಮಗ್ಗದ ಲಾಳಿಯ ತೂತಿಗೆ ಬಾಯಿಟ್ಟು ನೂಲನ್ನು ಹೀರಿ ಎಳೆಯಬೇಕಿತ್ತು. ಅದಕ್ಕೆ 'ಲಾಳಿಗೆ ಮುತ್ತಿಡೋದು' ಎನ್ನುತ್ತಿದ್ದರು. ಒಬ್ಬಳು ಮುತ್ತಿಟ್ಟ ಲಾಳಿಗೇ ಇನ್ನೊಬ್ಬಳದೂ ಮುತ್ತು. ಒಬ್ಬಳ ಕೆಮ್ಮೇ ಇನ್ನೊಬ್ಬಳಿಗೂ.

"ನನ್ನ ಮುತ್ತಜ್ಜ ಮನೆಯಲ್ಲೇ ಕೈಮಗ್ಗ ನೇಯ್ತಿದ್ದ," ಎಂದಿತು ಆ ಕಪ್ಪು ತುಟಿ. "ಆವಿ ಮಗ್ಗ ಬಂತು, ಕೈಮಗ್ಗದೋರಿಗೆ ಕೆಲಸ ಹೋಯ್ತು. ಬೀದಿಯೋರು ತುರಿಕೆ ಸೊಪ್ಪು ಬೇಯಿಸ್ಕೊಂಡು ತಿಂದ್ರು. ಒಂದು ಬೆಳಗ್ಗೆ ಎಲ್ಲರೂ ಸುತ್ತಿಗೆ ಹಿಡ್ಕೊಂಡು ಗಿರಣಿಗೆ ನುಗ್ಗಿ ಮಗ್ಗ ಪುಡಿ ಮಾಡಿದ್ರು. ಸಿಪಾಯಿಗಳು ಗುಂಡು ಹಾರಿಸಿದ್ರು."

"ಆಮೇಲೆ?"

"ಆಮೇಲೇನು, ಒಡೆದಿದ್ದರ ಜಾಗಕ್ಕೆ ಹೊಸದು ಬಂತು. ಅದನ್ನ ನಡೆಸೋಕೆ ನಮ್ಮ ಬೀದಿಯಿಂದ ಮೊದಲು ಹೋದವಳು ಅವನ ಮಗಳೇ. ನನ್ನಜ್ಜಿ."

"ಮುತ್ತಜ್ಜ ಬೈಲಿಲ್ವಾ?"

ಅಮ್ಮ ಕೆಮ್ಮಿ, ಬೆಂಕಿ ಕೆದಕಿದಳು. "ಅವಳು ತಂದ ರೊಟ್ಟಿ ತಿಂದ. ಬೈಯೋಕೆ ಬಾಯಿ ಖಾಲಿ ಇರ್ಲಿಲ್ಲ."

*

"ಹೆಣ ಹೋದ ಮನೆ ಕತ್ತಲಿರಬಾರದು," ಎಂದು ತಬಿತಾ ಮುಂದಿನ ಕೋಣೆಯ ಕಿಟಕಿಯ ಪರದೆ ಎತ್ತಿದಳು.

ಗಾಜಿನಾಚೆ ಬೀದಿಯಲ್ಲಿ ಇಬ್ಬರು ನಿಂತಿದ್ದರು. ಕಿಟಕಿಗೆ ಬೆನ್ನು ಹಾಕಿ ನಿಂತವನು ಚರ್ಮದ ಚೀಲ ಹಿಡಿದ ಅಪರಿಚಿತ. ಅವನೆದುರು ಮ್ಯಾನೇಜರ್ ಹೋಲ್ಡನ್. ನುಣ್ಣಗೆ ಬೋಳಿಸಿದ ಮುಖ. ದೊಡ್ಡ ಪಟ್ಟಣದ ಕಚೇರಿಯಿಂದ ಹೋದ ವರ್ಷ ಬಂದವನು. ಮಗ್ಗಗಳ ನಡುವೆ ಒಂದು ದಿನವೂ ದುಡಿದವನಲ್ಲ. ನಡುವೆ ಮುಚ್ಚಿದ ಕಿಟಕಿಯಿದೆ, ಒಳಗಿರುವವರೆಲ್ಲ ಕಿವುಡರು ಎಂಬ ಧೈರ್ಯದಲ್ಲಿ ಅವನ ತುಟಿ ಆಡುತ್ತಿತ್ತು:

"ನಿಮ್ಮ ಹೊಸ ಮಗ್ಗ ನೂಲು ಹರಿದ್ರೆ ತಾನೇ ನಿಲ್ಲುತ್ತೆ, ಕಂಡಿಕೆ ತಾನೇ ಹಾಕ್ಕೊಳ್ಳುತ್ತೆ. ಇಪ್ಪತ್ತು ಮಗ್ಗಕ್ಕೆ ಒಬ್ಬಳು ಸಾಕು. ಆದ್ರೆ ಯಾರೂ ಮುಟ್ಟಬಾರದು ಅಂತ ಇವರೆಲ್ಲ ಆಣೆ ಹಾಕ್ಕೊಂಡಿದಾರೆ. ಮೊದಲು ಒಬ್ಬಳು ಮುಟ್ಟಬೇಕು. ಈ ಮನೆಯವಳಿಗೆ ಬೇರೆ ಗತಿಯಿಲ್ಲ. ಇವರೆಲ್ಲರ ಮುಂದೆಯೇ ಒಪ್ಪಿಸ್ತೀನಿ. ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಮಿಕ್ಕವರಿಗೆ ಮನೇನೇ ಗತಿ."

ಅಪರಿಚಿತ ಏನೋ ಕೇಳಿರಬೇಕು. ಹೋಲ್ಡನ್ ನಕ್ಕ. "ಸಾವಿನ ಮನೇಲಿ ಯಾರ್ರೀ ಜಗಳ ತೆಗೀತಾರೆ?"

ಕಪ್ಪು-ಬಸಿಗಳ ಸದ್ದು ಒಂದೊಂದಾಗಿ ನಿಂತಿತು. ಎಸ್ತರ್ ತಿರುಗಿ ನೋಡಿದಳು. ಎಲ್ಲ ಮುಖಗಳೂ ಕಿಟಕಿಯ ಕಡೆಗಿದ್ದವು. ತಬಿತಾ ಪರದೆಯ ಹಗ್ಗವನ್ನು ಕೊಕ್ಕೆಗೆ ಬಿಗಿದು ಕಟ್ಟಿದಳು.

ಬಾಗಿಲು ಬಡಿದ ಸದ್ದು ಮೊದಲು ಕೇಳಿಸಿದ್ದು ಎಡ್ವಿನನಿಗೆ. ಅವನು ಅಂಗಿಗೆ ಕೈ ಒರೆಸಿಕೊಂಡು ಓಡಿ ತೆರೆದ.

"ಸೆಲೀನಾ ಬಂಗಾರದಂಥಾ ಕೆಲಸಗಾತಿ," ಎಂದ ಹೋಲ್ಡನ್, ಒಬ್ಬನೇ ಒಳಬಂದು ಟೋಪಿ ತೆಗೆದು, ಎಳೆಮಕ್ಕಳಿಗೆ ಹೇಳುವಂತೆ ಗಟ್ಟಿಯಾಗಿ. "ಅವಳ ಮಗಳನ್ನ ನಾವು ಕೈಬಿಡ್ತೀವಾ? ಸೋಮವಾರದಿಂದ ಬಾಮ್ಮಾ. ಹಳೇ ಮಗ್ಗ ಅಲ್ಲ, ಹೊಸದು. ಸಂಬಳಾನೂ ಅಮ್ಮಂಗಿಂತ ಹೆಚ್ಚು."

"ದೇವರು ದೊಡ್ಡವನು!" ಎಡ್ವಿನನ ಕಣ್ಣಲ್ಲಿ ನೀರಾಡಿತು. ಕಿಟಕಿಯ ಮಾತು ಅವನಿಗೆ ತಿಳಿದಿರಲಿಲ್ಲ. "ಹೂಂ ಅನ್ನೇ, ಏನ್ ನೋಡ್ತಿದೀಯಾ?"

ಮೇಜಿನ ಆಚೆಯಿಂದ ತಬಿತಾಳ ತುಟಿ ಅಲುಗಿತು. "ಬೇಡ ಮಗಾ. ನಾವೆಲ್ಲ ಒಂದೊಂದು ತುತ್ತು ಕೊಡ್ತೀವಿ. ಬೇಡ ಅನ್ನು."

ಕೊಡುತ್ತಾರೆ ಎಂಬುದು ಎಸ್ತರಳಿಗೆ ಗೊತ್ತಿತ್ತು. ಒಂದು ವಾರ ಕೊಟ್ಟಾರು, ಒಂದು ತಿಂಗಳು ಕೊಟ್ಟಾರು. ಅವರ ಮನೆಯಲ್ಲೂ ಬಾಯಿಗಳಿವೆ. ಅವಳ ಕಣ್ಣು ಮೇಜಿನ ಕೊನೆಗೆ ಹೋಯಿತು. ಹಿರಿಯ ಮಗಳು ಮಾಂಸದ ಹೋಳೊಂದನ್ನು ಮಡಿಸಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಲಂಗದ ಜೇಬಿಗೆ ಸೇರಿಸುತ್ತಿದ್ದಳು. ನಾಳೆಗೆ.

"ಆಗ್ಲಿ ಸರ್," ಎಂದಳು ಎಸ್ತರ್.

ತಲೆಯನ್ನೂ ಆಡಿಸಿದಳು. ಹೆಂಗಸರಿಗೆ ಅವಳ ದನಿ ಬೇಕಿರಲಿಲ್ಲ, ತುಟಿಯೇ ಸಾಕಿತ್ತು.

ಹೋಲ್ಡನ್ ಹೋದ. ಎಡ್ವಿನ್ ಅವನನ್ನು ಬೀದಿಯ ತಿರುವಿನವರೆಗೂ ಕಳಿಸಿಕೊಡಲು ಹೋದ. ಎಸ್ತರ್ ಹೆಂಗಸರತ್ತ ತಿರುಗಿದಳು.

"ಚಿಕ್ಕಮ್ಮಾ, ಮಕ್ಕಳು..." ತುಟಿ ಒಣಗಿತ್ತು. "ನಾನಲ್ದಿದ್ರೆ ಇನ್ಯಾರನ್ನೋ ಹಿಡೀತಿದ್ದ. ನೋಡು ಚಿಕ್ಕಮ್ಮಾ..."

ತಬಿತಾ ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು, ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ತಲೆ ತಗ್ಗಿಸಿದಳು. ಅವಳ ಪಕ್ಕದವಳೂ ತಗ್ಗಿಸಿದಳು. ಅವಳ ಪಕ್ಕದವಳೂ. ಯಾರೂ ಎದ್ದು ಹೋಗಲಿಲ್ಲ. ಸತ್ತವಳ ಮನೆಯ ಊಟ ಬಿಟ್ಟೇಳುವ ಹಾಗಿರಲಿಲ್ಲ. ನಿಧಾನವಾಗಿ ಅಗಿಯತೊಡಗಿದರು.

ಎಸ್ತರ್ ಕೋಣೆಯ ನಡುವೆ ನಿಂತು ಹೇಳುತ್ತಲೇ ಇದ್ದಳು. ತುಟಿಯನ್ನು ಅಗಲಿಸಿ, ಇನ್ನೂ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ. ಅವಳೆದುರು ಬರೀ ಕಪ್ಪು ಟೋಪಿಗಳ ನೆತ್ತಿಗಳಿದ್ದವು.