ಮೂರನೇ ಪ್ರಕಟಣೆ

ನನ್ನ ತಮ್ಮ ಬಸವಂತಪ್ಪ ತನ್ನ ಹೆಂಡತಿಯನ್ನು ಪಾಪ ಎಂದು ಕರೆಯುತ್ತಾನೋ ಇಲ್ಲವೋ ನೋಡಲು ಆ ಭಾನುವಾರ ಭಾಂಡುಪಿನ ಶಾಲೆಯ ಹಾಲ್ ತುಂಬಿತ್ತು. ಇಲ್ಲದಿದ್ದರೆ ಜುಲೈ ಮಳೆಯಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಯ ಅರ್ಧ ಬೆಂಚುಗಳೂ ತುಂಬುವುದಿಲ್ಲ. ಕ್ರಿಸ್ಮಸ್ಸಿಗೂ ಮುಖ ತೋರಿಸದವರು ಜೋಗೇಶ್ವರಿಯಿಂದ ಎರಡು ಲೋಕಲ್ ಬದಲಿಸಿ ಬಂದಿದ್ದರು.

ವಿಷಯ ಇಷ್ಟೇ. ಬಸವಂತಪ್ಪನ ಮಗಳು ನಿಖಿತಾಗೆ ವಡಾಲದ ಅಮೋಲ್ ಎಂಬ ಮರಾಠಿ ಕ್ರೈಸ್ತ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಇಬ್ಬರ ಹೆಸರನ್ನೂ ಸಭೆಯಲ್ಲಿ ಓದಿ, ಯಾರದಾದರೂ ತಕರಾರಿದೆಯೇ ಎಂದು ಕೇಳಬೇಕು. ಅದಕ್ಕೆ ಪ್ರಕಟಣೆ ಎನ್ನುತ್ತೇವೆ. ಎರಡು ಆಗಿದ್ದವು. ಮದುವೆ ಬರುವ ಶನಿವಾರ. ಮೂರನೆಯದು ಆಗದಿದ್ದರೆ ವಡಾಲದ ಚರ್ಚಿನವರು ಮದುವೆ ಮಾಡಿಸುವುದಿಲ್ಲ. ಚರ್ಚಿನಲ್ಲಿ ಆಗದ ಮದುವೆಗೆ ಅಮೋಲನ ತಾಯಿ ಒಪ್ಪುವುದಿಲ್ಲ. ಹುಡುಗಿಯ ತಾಯಿ ಮುಸಲ್ಮಾನಳು ಎಂಬುದನ್ನೇ ಆಕೆ ಕಷ್ಟಪಟ್ಟು ನುಂಗಿದ್ದಳು.

ಆ ತಾಯಿ ಶಬನಮ, ವಿಜಯಪುರದ ಇಮಾಮಸಾಬನ ಮಗಳು. ನನ್ನ ತಮ್ಮ ಅವಳನ್ನು ರಿಜಿಸ್ಟರ್ ಮದುವೆಯಾಗಿ ಮುಂಬಯಿಗೆ ಕರೆತಂದಾಗ ಎರಡೂ ಮನೆಯವರು ಮಾತು ಬಿಟ್ಟಿದ್ದರು. ಮನೆಯಲ್ಲಿ ಅವಳು ನಮಾಜು ಬಿಟ್ಟವಳಲ್ಲ, ಭಾನುವಾರ ನಮ್ಮ ಸಭೆ ತಪ್ಪಿಸಿದವಳೂ ಅಲ್ಲ. ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂರುತ್ತಾಳೆ. ಹಾಡುಗಳು ನಮ್ಮ ಹುಡುಗರಿಗಿಂತ ಅವಳಿಗೇ ಚೆನ್ನಾಗಿ ಬಾಯಿಪಾಠ. ಹಳೆಯ ಪಾಸ್ಟರ್ ಒಂದು ದಿನವೂ ಏನೂ ಅಂದಿರಲಿಲ್ಲ.

ಹೊಸ ಪಾಸ್ಟರ್ ಜಯಶೀಲ ಬಂದ. ಮೂವತ್ತು ದಾಟದ ಹುಡುಗ. ಬಂದಾಗಿನಿಂದ ಬೈಬಲಿನ ಎಜ್ರನನ್ನೇ ಹಿಡಿದಿದ್ದ. ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ಮರಳಿದ ಯೆಹೂದ್ಯರಲ್ಲಿ ಕೆಲವರು ಅನ್ಯಜನರ ಹೆಣ್ಣುಗಳನ್ನು ಮದುವೆಯಾಗಿದ್ದರು. ಯಾಜಕ ಎಜ್ರ ಅತ್ತು ದೇವರ ಮುಂದೆ ಪಾಪದ ಅರಿಕೆ ಮಾಡಿದ. ಜನರೆಲ್ಲ ಮಳೆಯಲ್ಲಿ ನಡುಗುತ್ತ ಬಯಲಲ್ಲಿ ಕೂತು ತಪ್ಪೊಪ್ಪಿಕೊಂಡರು, ಆ ಹೆಂಡಿರನ್ನು ಮಕ್ಕಳ ಸಮೇತ ಕಳಿಸಿಬಿಡಲು ಒಪ್ಪಿದರು. ನಮ್ಮ ಸಭೆಗೆ ಆಶೀರ್ವಾದ ನಿಂತಿರುವುದೂ ಇದೇ ಪಾಪದಿಂದ ಎಂದು ಪಾಸ್ಟರನ ಲೆಕ್ಕ. ಹೆಂಡತಿಯನ್ನು ಕಳಿಸು ಎಂದು ಅವನು ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಎರಡನೇ ಪ್ರಕಟಣೆ ಆದ ಮೇಲೆ ಅವನ ಷರತ್ತು ಬಂತು. ಎಲ್ಲರ ಮುಂದೆ ಎದ್ದು, ಇವಳನ್ನು ಮದುವೆಯಾದದ್ದು ಪಾಪ ಎಂದು ಬಸವಂತಪ್ಪ ಒಂದು ಮಾತು ಹೇಳಬೇಕು. ಹೇಳಿದರೆ ಪ್ರಕಟಣೆ. ಇಲ್ಲದಿದ್ದರೆ ಇಲ್ಲ.

ಬೆಳಿಗ್ಗೆ ಅವರ ಮನೆಯಲ್ಲಿ ನಾನು ಕುದಿಯುತ್ತಿದ್ದೆ.

"ಎಜ್ರ ತನ್ನ ಗಡ್ಡ ತಾನ ಕಿತ್ಕೊಂಡ. ಆಮ್ಯಾಲ ಬಂದ ನೆಹೆಮೀಯ ಮಂದೀ ಕೂದ್ಲ ಕಿತ್ತ. ನಾ ಇವತ್ತ ನೆಹೆಮೀಯ ಆಗ್ತೀನಿ. ಆ ಪಾಸ್ಟರನ ತಲೀಮ್ಯಾಲ ಒಂದ ಕೂದ್ಲ ಉಳಸಂಗಿಲ್ಲ."

"ಅವಂಗ ಈಗ್ಲೇ ಕಮ್ಮಿ ಅದಾವ, ಆಪಾ," ಎಂದಳು ಶಬನಮ.

ನಿಖಿತಾ ನಕ್ಕಳು. ಬಸವಂತಪ್ಪ ನಗಲಿಲ್ಲ.

ಇಸ್ತ್ರಿ ಮಾಡಿದ ಅಂಗಿಯನ್ನು ಅವನ ಕೈಗೆ ಕೊಡುತ್ತ ಶಬನಮ, "ಹೇಳಿಬಿಡ್ರಿ," ಎಂದಳು. "ಬರೇ ಬಾಯಿಮಾತು. ನಂಗೇನ್ ಬುರಾ ಅನ್ಸಂಗಿಲ್ಲ. ಛೋಕ್ರೀದು ಶಾದಿ ಆಗ್ಲಿ."

"ಮಮ್ಮಿ, ಐಸಾ ಮತ್ ಬೋಲೋ ನಾ," ಎಂದಳು ನಿಖಿತಾ. ಅಪ್ಪನ ಕಡೆ ತಿರುಗಿ, "ಪಪ್ಪಾ, ನೀವು ಏನು ಮಾಡಬೇಕು ಅದು ಮಾಡಿ. ನಂಗೆ... ಐ ಡೋಂಟ್ ನೋ."

ಅವನು ಅಂಗಿ ತೊಟ್ಟ.

ಶಾಲೆಯ ಹಾಲ್‌ನಲ್ಲಿ ತಗಡಿನ ಮೇಲೆ ಬೀಳುವ ಮಳೆಗೆ ಪಾಸ್ಟರ್ ಓದಿದ್ದು ಅರ್ಧ ಕೇಳಲೇ ಇಲ್ಲ. ಪುಸ್ತಕ ಮುಚ್ಚಿ, "ಎದ್ದು ನಿಲ್ಲಬೇಕಾದವರು ನಿಲ್ಲಲಿ," ಎಂದ.

ಮುಂದಿನ ಬೆಂಚಿನ ಹಿರಿಯರೊಬ್ಬರು, "ಮಳಿ ಭಾಳ ಅದರೀ, ಲೋಕಲ್ ಬಂದ್ ಆಗ್ತಾವ. ಮುಂದಿನ ವಾರ ಇಟ್ಕೊಳ್ಳೂಣು," ಎಂದು ಗೊಣಗಿದರು. ಎಜ್ರನ ಮುಂದೆ ಕೂತವರೂ ಇದನ್ನೇ ಅಂದಿದ್ದರು. ಮಳೆಗಾಲ, ಹೊರಗೆ ನಿಲ್ಲಲಾಗದು, ಒಂದೆರಡು ದಿನದ ಕೆಲಸವಲ್ಲ ಎಂದು. ಜನ ಬದಲಾಗುವುದಿಲ್ಲ. ಆದರೆ ನಮಗೆ ಮುಂದಿನ ವಾರ ಇರಲಿಲ್ಲ.

ನಾನು ಹೆಂಗಸರ ಕಡೆ ಶಬನಮಳ ಪಕ್ಕ ಅವಳ ಕೈ ಹಿಡಿದು ಕೂತಿದ್ದೆ. ಗಂಡಸರ ಕಡೆ ತಮ್ಮನ ಬೆನ್ನು ಕಾಣುತ್ತಿತ್ತು. ತುಂಬ ಹೊತ್ತು ಆ ಬೆನ್ನು ಅಲುಗಲಿಲ್ಲ. ಆಮೇಲೆ ಅವನು ಎದ್ದ. ಶಬನಮ ನನ್ನ ಕೈಯಿಂದ ಕೈ ಎಳೆದುಕೊಂಡಳು.

"ನಾನು..." ಎಂದ ಬಸವಂತಪ್ಪ. ಮತ್ತೆ, "ನಾನು," ಎಂದ.

"ತಡಿಯಪಾ ಬಸವಂತ."

ಗಂಗುಬಾಯಿ ಕೋಲು ಊರಿ ಏಳುತ್ತಿದ್ದಳು. ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು. ಅರ್ಧ ಸಭೆಯ ಬಾಣಂತನ ಮಾಡಿದ ಕೈ ಅವಳದು. "ನೀ ಸಣ್ಣಾವ. ಮೊದ್ಲ ನಂದು ಆಗ್ಲಿ."

"ಅಜ್ಜಿ, ಇದು ಗಂಡಸರಿಗೆ," ಎಂದ ಪಾಸ್ಟರ್.

"ಪಾಪಕ್ಕೂ ಲೇಡೀಸ್ ಡಬ್ಬಿ ಬ್ಯಾರೆ ಐತೇನೋ?"

ಹುಡುಗರು ನಕ್ಕರು. ಅವಳು ನಗಲಿಲ್ಲ. "ನಮ್ಮಪ್ಪ ಮಿಶನ್ ಬೋರ್ಡಿಂಗಿನ ಹುಡುಗ. ನಮ್ಮವ್ವ ಅಲ್ಲೀ ಹುಡುಗಿ. ದೊರಿ ಇಬ್ಬರಿಗೂ ಮದುವಿ ಮಾಡಿಸಿದ. ಊರಾಗ ಇವರ ಮನಿ ನೀರು ಅವರು ಮುಟ್ತಿದ್ದಿಲ್ಲ. ನಮ್ಮಪ್ಪನ ಕೇರಿ ಯಾವ್ದಂದ್ರ..."

ಹೇಳಿಯೇಬಿಟ್ಟಳು. ಅಪ್ಪನ ಕೇರಿ, ಅವ್ವನ ಕೇರಿ, ಎರಡನ್ನೂ ಹೆಸರು ಹಿಡಿದು. ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಸಭೆಯಲ್ಲಿ ಯಾರ ಅಜ್ಜ ಯಾವ ಕೇರಿಯಿಂದ ಬಂದು ಕ್ರೈಸ್ತನಾದ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಮುಂಬಯಿಗೆ ಬಂದ ಮೇಲಂತೂ ಮಕ್ಕಳಿಗೂ ಹೇಳಿಲ್ಲ. ಕೆಲವರು ಬೀಗರಿಗೆ ಬೇರೆಯದೇ ಹೇಳಿದ್ದಾರೆ.

"ನನ್ನ ಅರಿಕಿ ಆತು," ಎಂದಳು. ಕೋಲನ್ನು ಮುಂದಿನ ಬೆಂಚಿನ ಕಡೆ ತಿರುಗಿಸಿದಳು. "ಇನ್ನ ಈ ಬೆಂಚಿಂದು. ಇವರ ಮುತ್ಯಾನ್ನ ನಾ ಕಂಡೀನಿ. ಇವರದು ಒಂದ ಕೇರಿ ಅಲ್ಲ, ಮೂರು..."

ಅಲ್ಲಿದ್ದ ಹಿರಿಯರು ಬೆಂಚು ಸುಟ್ಟಂತೆ ಎದ್ದರು. "ಅಮ್ಮಾ, ಕೂಡ್ರಿ! ಅದನ್ಯಾಕ ತೆಗೀತೀರಿ?"

"ಪಾಸ್ಟರ್ ಕೇಳಿದ್ರಲ್ಲಪಾ. ಕೇಳಿದ್ದು ಕೊಡಬೇಕಲ್ಲ?" ಅವಳು ಪಾಸ್ಟರನ ಕಡೆ ನೋಡಿದಳು. "ನಿಮ್ಮ ಮುತ್ಯಾನೂ ನಮ್ಮ ಬೋರ್ಡಿಂಗಿನವನ. ನಿಮ್ಮಜ್ಜಿ..."

ಪಾಸ್ಟರನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಗೊತ್ತಿತ್ತೋ, ಗೊತ್ತಿರದೆ ಹೆದರಿದನೋ, ನನಗೆ ತಿಳಿಯದು.

"ಪ್ರಕಟಣೆ ಓದ್ರೀ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹೌದ್ರೀ, ಓದಿ ಮುಗಿಸ್ರಿ! ಮಳಿ ಬ್ಯಾರೆ!" ಎಂದರು ಇನ್ನೊಬ್ಬರು. ಅರ್ಧ ಗಂಟೆ ಮುಂಚೆ ನನ್ನ ತಮ್ಮನನ್ನು ತಿನ್ನುವ ಹಾಗೆ ನೋಡುತ್ತಿದ್ದವರೇ ಇವರು. ಪಶ್ಚಾತ್ತಾಪವೂ ಇಲ್ಲ, ಮಣ್ಣೂ ಇಲ್ಲ. ತಮ್ಮ ಬೆಂಚು ಬಂದೀತು ಎಂಬ ಹೆದರಿಕೆ.

ಪಾಸ್ಟರ್ ಓದಿದ. ನಿಖಿತಾ, ಅಮೋಲ್, ಊರು, ತಾರೀಖು, ಎಲ್ಲ ಒಂದೇ ಉಸಿರಿನಲ್ಲಿ. "ಯಾರದಾದರೂ ತಕರಾರಿದ್ದರೆ ಈಗಲೇ ಹೇಳಬೇಕು." ಗಂಗುಬಾಯಿ ಇನ್ನೂ ನಿಂತೇ ಇದ್ದಳು, ಒಬ್ಬೊಬ್ಬರನ್ನೇ ನೋಡುತ್ತ. ಯಾರೂ ಕೆಮ್ಮಲೂ ಇಲ್ಲ.

"ಆಮೆನ್," ಎಂದಳು ಗಂಗುಬಾಯಿ, ಮತ್ತು ಕೂತಳು. ಆಗ ನನ್ನ ತಮ್ಮನೂ ಕೂತ. ಅಲ್ಲಿಯವರೆಗೂ ಅವನು ನಿಂತೇ ಇದ್ದ.

ಹೊರಗೆ ಗೇಟಿನ ಮಾಡಿನ ಕೆಳಗೆ ನಿಖಿತಾ ಫೋನಿನಲ್ಲಿ ಅಮೋಲನಿಗೆ, "ಹೋ ಗಯಾ, ಹೋ ಗಯಾ," ಎಂದು ಅಳುತ್ತಿದ್ದಳು. ಬಸವಂತಪ್ಪ ಹೆಂಡತಿಯ ಬಳಿ ಬಂದ.

"ಎದ್ದಿದ್ರಲ್ಲ," ಎಂದಳು ಶಬನಮ. "ಏನ್ ಹೇಳೋರಿದ್ರಿ?"

ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ.

"ನೀ ಹೇಳಂದದ್ದ," ಎಂದ.

"ಹಾಂ. ನಾನೇ ಹೇಳಂದೆ. ಆದ್ರ ನೀವು ಏಳಂಗಿಲ್ಲ ಅಂತ ತಿಳ್ಕೊಂಡಿದ್ದೆ."

"ಮಗಳ ಸಲುವಾಗಿ, ಶಬ್ಬೂ..."

"ಮಾಲೂಮ್ ಅದ. ಅದಕ್ಕ ಜಗಳಾ ಮಾಡಾಕತ್ತಿಲ್ಲ."

ಆಟೋ ಬಂತು. ಅವಳು ಹತ್ತಿದಳು, ಮಗಳನ್ನು ಹತ್ತಿಸಿಕೊಂಡಳು. ಇನ್ನೊಬ್ಬರಿಗೆ ಜಾಗ ಇತ್ತು. ಬಸವಂತಪ್ಪ ಕಾಲು ಮುಂದಿಟ್ಟ. ಶಬನಮ ಆ ಕಡೆ ಮುಖ ಮಾಡಿದ್ದಳು. ನಾನು ತಮ್ಮನನ್ನು ಭುಜದಿಂದ ತಳ್ಳಿ ಒಳಗೆ ಕೂತೆ.

"ವೋ ಭಾಯ್‌ಸಾಬ್?" ಎಂದು ಆಟೋದವನು ತಿರುಗಿ ನೋಡಿದ.

ನಾನು ಶಬನಮಳನ್ನು ನೋಡಿದೆ.

"ಚಲೋ," ಎಂದಳು.