ಹೆಸರು ಒರೆಸಿದ ಫ್ಯಾನು

ನಾನು ಮೂರು ರೆಕ್ಕೆಯ ಫ್ಯಾನು. ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತಿ, ಕೆನೆಬಣ್ಣ ಬಳಿದು, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದಾಗ ನನ್ನ ಮೈಮೇಲೆ ಯಾರ ಹೆಸರೂ ಇರಲಿಲ್ಲ. ಹೆಸರು ಬಂದದ್ದು ಈರವ್ವನ ಕೈಸೇರಿದ ಮೇಲೆ.

ಈರವ್ವ ಕಲ್ಲು ಕ್ವಾರಿಗಳ ಊರೊಂದರಲ್ಲಿ ಸಾರಾಯಿ ಅಂಗಡಿ ನಡೆಸುತ್ತಿದ್ದಳು. ಅವಳ ಮಗ ಮಾನಪ್ಪ ಕ್ವಾರಿಯಲ್ಲಿ ಕಲ್ಲು ಕೊರೆಯುತ್ತಿದ್ದ. ಧೂಳು ಎದೆಯೊಳಗೆ ಕೂತು, ಊರಿನ ಧರ್ಮಾಸ್ಪತ್ರೆಯಲ್ಲಿ ಉಸಿರಿಗಾಗಿ ಬಾಯಿ ಬಿಡುತ್ತ ಸತ್ತ. ಅವನ ಮಂಚದ ಮೇಲೆ ಫ್ಯಾನಿರಲಿಲ್ಲ. ತಾಯಿ ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದಳಂತೆ. ಅದಕ್ಕೇ ನನ್ನನ್ನು ಕೊಂಡಳು. ನಮ್ಮ ಕಡೆ ಗುಡಿಗೋ ಶಾಲೆಗೋ ಫ್ಯಾನು ಕೊಟ್ಟವರು ರೆಕ್ಕೆಯ ಮೇಲೆ ಹೆಸರು ಬರೆಸುವುದು ರೂಢಿ. ಅವಳು ಕೆಂಪಕ್ಷರದಲ್ಲಿ ಮಾನಪ್ಪನ ಹೆಸರು ಬರೆಸಿ, ಅದೇ ಮಂಚದ ಮೇಲೆ ನನ್ನನ್ನು ತೂಗುಹಾಕಿಸಿದಳು.

ಒಂದು ದಿನ ಆಸ್ಪತ್ರೆಯ ಟ್ರಸ್ಟಿನವರು ವಾರ್ಡು ನೋಡಲು ಬಂದು ನನ್ನ ಕೆಳಗೇ ನಿಂತರು. ಸಾರಾಯಿ, ಜೂಜು, ತಂಬಾಕಿನ ದುಡ್ಡು ಮುಟ್ಟಬಾರದೆಂದು ಈಚೆಗಷ್ಟೇ ಠರಾವು ಮಾಡಿದ್ದೇವೆ, ಈ ಹೆಸರು ಇಲ್ಲಿ ತಿರುಗುವುದು ಶೋಭೆಯಲ್ಲ ಎಂದ ಕಾರ್ಯದರ್ಶಿ ಗುರುಪಾದಪ್ಪ.

"ಕಲ್ಲಿನ ದುಡ್ಡು, ಸರ?" ನರ್ಸ್ ಸುಗಂಧಾಬಾಯಿ ಮೆಲ್ಲಗೆ ಕೇಳಿದಳು.

ಗುರುಪಾದಪ್ಪ ಕಿಟಕಿಯಾಚೆ ನೋಡಿದ. ಆಸ್ಪತ್ರೆಗೆ ಹೊಸ ಕಟ್ಟಡ ಕಟ್ಟಿಸಿಕೊಡುತ್ತಿದ್ದವರು ಕ್ವಾರಿಯ ಮಾಲೀಕ ಶಾಂತವೀರಪ್ಪ. ಮಾನಪ್ಪ ಕೊರೆದದ್ದು ಅವರ ಕಲ್ಲನ್ನೇ. ಮಂಚಗಳಲ್ಲಿ ಮಲಗಿದ್ದವರೂ ಕಿವಿಗೊಟ್ಟಿದ್ದರು. ಅವರತ್ತ ಯಾರೂ ತಿರುಗಿ ನೋಡಲಿಲ್ಲ.

ಮಾರನೆಯ ದಿನ ಥಿನ್ನರಿನ ಬಟ್ಟೆ ಮಾನಪ್ಪನನ್ನು ಒರೆಸಿಹಾಕಿತು. ನನ್ನನ್ನು ಮಾತ್ರ ಕೆಳಗಿಳಿಸಲಿಲ್ಲ. ಬೇಸಿಗೆಯಲ್ಲವೇ, ಗಾಳಿ ಬೇಕಿತ್ತು. ವಾರ್ಡಿನ ಉಳಿದ ಫ್ಯಾನುಗಳ ಜೊತೆ ನನ್ನ ಮೇಲೂ ಶಾಂತವೀರಪ್ಪನವರ ಹೆಸರು ಬರೆಸಿದರು. ನನ್ನ ರೆಕ್ಕೆಗಳು ಹರಿತವಾಗಿದ್ದರೆ ಎಂದು ಅಂದು ಮೊದಲ ಸಲ ಅನ್ನಿಸಿತು.

ಈರವ್ವ ಬಂದಳು. ಸ್ವಿಚ್ ಆರಿಸಿ, ನಾನು ನಿಲ್ಲುವವರೆಗೆ ಕಾದು, ತಲೆಯೆತ್ತಿದಳು. ಓದು ಬಾರದಿದ್ದರೂ ಮಗನ ಹೆಸರಿನ ಆಕಾರ ಅವಳಿಗೆ ಗೊತ್ತಿತ್ತು. ಇದು ಯಾರದೆಂದು ನನ್ನ ಕೆಳಗಿನ ಮಂಚದಲ್ಲಿದ್ದ ದುರುಗಪ್ಪನನ್ನು ಕೇಳಿದಳು. ಅವನೂ ಅದೇ ಕ್ವಾರಿಯಲ್ಲಿ ದುಡಿದವನು, ಟ್ರಸ್ಟಿನವರು ಬಂದ ದಿನವೂ ಅಲ್ಲೇ ಮಲಗಿದ್ದವನು. ಹೇಳಿದ. ಅವಳು ಗುರುಪಾದಪ್ಪನನ್ನು ಅಲ್ಲಿಗೇ ಕರೆಸಿದಳು.

"ಹೆಸರು ಬ್ಯಾಡಾದ್ರ ನನ್ನ ಫ್ಯಾನು ಕೊಡ್ರಿ."

"ಕೊಟ್ಟ ದಾನ ವಾಪಸ್ ಕೇಳಬಾರದು, ಈರವ್ವ."

"ನನ್ನ ದಾನ ನಡಿಯಂಗಿಲ್ಲಂತ ನೀವ ಅಂದೀರಿ. ತಗೊಳ್ಳಲಾರದ್ದನ್ನ ಹೆಂಗ ಇಟಗೋತೀರಿ?"

ಗುರುಪಾದಪ್ಪ ದುರುಗಪ್ಪನನ್ನು ತೋರಿಸಿದ. ಇವನೂ ನಿನ್ನ ಅಂಗಡಿಯಲ್ಲಿ ಕುಡಿದು ಹಾಳಾದವನೇ, ಈಗ ಇವನ ಗಾಳಿಯನ್ನೂ ಕಿತ್ತುಕೊಳ್ಳುತ್ತೀಯಾ ಎಂದ. ಅವನು ಕುಡಿದದ್ದು ಸುಳ್ಳಾಗಿರಲಿಲ್ಲ. ನನ್ನ ಕೊಂಡಿಯತ್ತ ಚಾಚಿದ್ದ ಈರವ್ವನ ಕೈ ಕೆಳಗಿಳಿಯಿತು.

ದುರುಗಪ್ಪ ಮೊಣಕೈ ಊರಿ ಎದ್ದ. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದ.

"ಆಕಿ ಅಂಗಡ್ಯಾಗ ಕುಡದ ಮ್ಯಾಲೆ ಮುಂಜಾನಿ ಎದ್ದು ಕೆಲಸಕ್ಕ ಹೋಗೀನ್ರಿ, ಸರ. ಕ್ವಾರ್ಯಾಗ ಧೂಳ ಕುಡದ ಮ್ಯಾಲೆ ಎದ್ದಿಲ್ಲ. ಬಿಚಗೊಂಡು ಹೋಗಬೇ, ಯಕ್ಕಾ. ಆ ಮಾಲಕನ ಹೆಸರಿನ ಗಾಳಿ ನನಗ ಬ್ಯಾಡ."

ಅವಳು ನನ್ನನ್ನು ಬಿಚ್ಚಿಸಿದಳು, ಅವನನ್ನೂ ಕರೆದೊಯ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಾಲೀಕನ ಹೆಸರು ಒರೆಸಿಸಿಕೊಂಡು, ದುರುಗಪ್ಪನ ಉಸಿರು ನಿಲ್ಲುವವರೆಗೆ ತಿರುಗಿದೆ. ನನ್ನ ಗಾಳಿ ಅವನನ್ನು ಉಳಿಸಲಿಲ್ಲ. ಆಸ್ಪತ್ರೆಯವರು ಆ ಮಂಚದ ಮೇಲೆ ನಾವು ಹೊರಟ ದಿನವೇ ಹೊಸ ಫ್ಯಾನು ಹಾಕಿದರಂತೆ, ಹೆಸರು ಸಮೇತ.

ಈಗ ನನ್ನ ತಂತಿ ಸುಟ್ಟಿದೆ. ಖಾಲಿ ಕ್ರೇಟುಗಳ ಮೇಲೆ ಬಿದ್ದಿದ್ದೇನೆ. ಗುಜರಿಯವನು ಕೇಳಿದಾಗಲೆಲ್ಲ ಈರವ್ವ ಗದರಿಸಿ ಕಳಿಸುತ್ತಾಳೆ. ಯಾರ ದಾನ ಶುದ್ಧ, ಯಾರದು ಅಲ್ಲ ಎಂದು ಟ್ರಸ್ಟಿನವರು ಈಗಲೂ ಸಭೆ ಸೇರುತ್ತಾರಂತೆ. ಸೇರಲಿ. ಅಂದು ನನ್ನ ಕೆಳಗೆ ನಿಂತವರಲ್ಲಿ ಒಬ್ಬನಾದರೂ ಮಂಚದ ಕಡೆ ತಿರುಗಿ ಅದನ್ನೇ ಕೇಳಿದ್ದರೆ, ದುರುಗಪ್ಪ ಮಲಗಿದಲ್ಲೇ ಉತ್ತರ ಹೇಳುತ್ತಿದ್ದ. ಹೇಳುವಷ್ಟು ಉಸಿರು ಅವನಲ್ಲಿ ಆಗ ಇತ್ತು.