ವಿರಾತ್ಮೊನ ಮಾತು, ಪಾಲುಪಿಯ ಬಾಯಿ

ಕಾಲೇಜಿನ ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಪಾಲುಪಿಗೆ ಕೈ ಕಟ್ಟಿ ಕೂರಲಾಗಲಿಲ್ಲ. ಸೆಮಾರಾಂಗ್ ನಗರದ ಸೆಕೆಯಲ್ಲಿ ತಂಗಿ ಎಂಡಾಳ ಜೊತೆ ಎಷ್ಟೂಂತ ಹರಟುವುದು? ವಿದ್ಯಾರ್ಥಿಯಾಗಿದ್ದಾಗ ಕದ್ದು ಓದಿ ಅರ್ಧಕ್ಕೇ ಬಿಟ್ಟ ಪುಸ್ತಕವೊಂದು ಅವಳ ತಲೆಯಲ್ಲಿ ಹಾಗೇ ಕೂತಿತ್ತು. ಸಮಾಜದಲ್ಲಿ ಯಾರ ಮಾತು ನಡೆಯುತ್ತದೆ, ಯಾರದು ನಡೆಯುವುದಿಲ್ಲ, ಅದಕ್ಕೆ ಕಾರಣವೇನು ಎಂದು ಬಗೆದು ನೋಡುವ ದಪ್ಪ ಪುಸ್ತಕ. ಒಬ್ಬಳೇ ಓದಿದರೆ ನಿದ್ದೆ ಬರುವುದು ಖಾತ್ರಿಯಾದ್ದರಿಂದ, ಆಸಕ್ತಿಯಿದ್ದವರು ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಸೇರಿ ಓದೋಣ ಎಂದು ಫೇಸ್‌ಬುಕ್ಕಿನಲ್ಲಿ ಬರೆದು ಹಾಕಿದಳು.

ಮೆಚ್ಚಿದವರು ಇನ್ನೂರು ಮಂದಿ, ಬಂದವರು ಬೆರಳೆಣಿಕೆ. ಕುದುಸ್‌ನ ಶಾಲಾ ಮೇಷ್ಟ್ರು ಗಿಲಾಂಗ್, ದೂರದ ಕುಪಾಂಗ್‌ನ ನರ್ಸ್ ಯೋಹಾನಾ, ಒಂದಿಬ್ಬರು ವಿದ್ಯಾರ್ಥಿಗಳು. ಜೊತೆಗೆ ಸೋಲೊ ಊರಿನ ಕಿನಾರ್ ಎಂಬ ಹೆಸರು. ಆ ಹೆಸರಿಗೆ ಮುಖವಿರಲಿಲ್ಲ, ಕ್ಯಾಮೆರಾ ಯಾವಾಗಲೂ ಆಫ್.

ಪಾಲುಪಿ ಒಂದೇ ಒಂದು ನಿಯಮ ಮಾಡಿದ್ದಳು. ಪ್ರತಿಯೊಬ್ಬರೂ ಬಾಯಿ ಬಿಡಬೇಕು. ಎಲ್ಲರೂ ಒಂದು ಸಲ ಮಾತಾಡುವವರೆಗೆ ಯಾರೂ ಎರಡನೇ ಸಲ ಮಾತಾಡುವಂತಿಲ್ಲ.

ಆ ನಿಯಮಕ್ಕೆ ಕಾರಣನಾದವನು ವಿರಾತ್ಮೊ. ಇಂಥ ಪುಸ್ತಕ ಇಟ್ಟುಕೊಂಡರೂ ಪೊಲೀಸರು ಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ ಅವರಿಬ್ಬರೂ ಇದ್ದ ವಿದ್ಯಾರ್ಥಿಗಳ ಗುಂಪೊಂದಿತ್ತು. ಬಾಡಿಗೆ ಕೋಣೆಯಲ್ಲಿ ಕಿಟಕಿ ಮುಚ್ಚಿ, ಹೊರಗಿನವರಿಗೆ ಕಾಣದಂತೆ ಚಪ್ಪಲಿಗಳನ್ನೂ ಒಳಗಿಟ್ಟುಕೊಂಡು ಓದುತ್ತಿದ್ದರು. ಬೀದಿಗೆ ಕೇಳುವ ದನಿಯಲ್ಲಿ ವಿರಾತ್ಮೊ ಬಾಯಿ ತೆರೆದರೆ ಮಾತ್ರ ಆ ಜಾಗ್ರತೆಯೆಲ್ಲ ನೀರುಪಾಲು. ಒಂದು ದಿನ ಪಾಲುಪಿ ಎಲ್ಲರೆದುರು, "ನೀನು ಓದೋಕೆ ಬರಲ್ಲ, ಭಾಷಣ ಬಿಗಿಯೋಕೆ ಬರ್ತೀಯ. ನೀನು ಉಸಿರು ತಗೊಳ್ಳೋವಾಗ ಮಾತ್ರ ನಮಗೆಲ್ಲ ಮಾತಾಡೋ ಭಾಗ್ಯ" ಅಂದುಬಿಟ್ಟಳು. ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಟುಹೋದ. ಮತ್ತೆ ಸಿಗಲಿಲ್ಲ. ಮೂವತ್ತು ವರ್ಷದ ಮೇಲಾಯಿತು. ಪಾಲುಪಿ ಆಮೇಲೆ ಅತ್ತಿದ್ದು ಎಂಡಾಳಿಗೆ ಮಾತ್ರ ಗೊತ್ತು.

ಈಗಿನ ಗುಂಪು ಆಮೆಯಂತೆ ಸಾಗಿತ್ತು. "ಎರಡು ತಿಂಗಳಿಂದ ಒಂದೇ ಅಧ್ಯಾಯ. ಅಷ್ಟರಲ್ಲಿ ನಾನು ಒಂದು ಮದುವೆ ಮಾಡಿ ಮುಗಿಸ್ತಿದ್ದೆ" ಎಂದು ಎಂಡಾ ಕಿಚಾಯಿಸುತ್ತಿದ್ದಳು.

ಮಾತಾಡದ ಕಿನಾರ್ ಪರದೆಯ ಪಕ್ಕದಲ್ಲಿ ಬರೆಯುತ್ತಿದ್ದಳು. ಚುರುಕಾದ, ಕೊಂಚ ಖಾರವಾದ ಬರಹ. ಅದನ್ನೇ ಅವಳ ಸರದಿ ಎಂದು ಪಾಲುಪಿ ಬಿಟ್ಟಿದ್ದಳು. ಒಂದು ವಾರ ಗಿಲಾಂಗ್, ಅಮ್ಮ ಎನ್ನುವಂತೆ 'ಬು' ಎಂದು ಗೌರವದಿಂದಲೇ ಕರೆದು, ತಕರಾರು ತೆಗೆದ. "ಬು ಪಾಲುಪಿ, ನಿಯಮ ಅಂದ್ರೆ ಎಲ್ಲರಿಗೂ ಒಂದೇ ಅಲ್ವಾ? ನಾವಿಲ್ಲಿ ತೊದಲ್ತಾ ಮಾತಾಡ್ತೀವಿ, ಇವ್ರು ಮರೆಯಲ್ಲಿ ಕೂತು ಕುಟುಕ್ತಾರೆ."

ನ್ಯಾಯವೇ ಅನ್ನಿಸಿತು ಪಾಲುಪಿಗೆ. "ಕಿನಾರ್, ಇವತ್ತು ನೀನೇ ಮೊದಲು ಮಾತಾಡಮ್ಮ. ನಾಚಿಕೆ ಬೇಡ, ಇಲ್ಲಿ ಯಾರೂ ಪಂಡಿತರಲ್ಲ."

ಪರದೆಯ ಪಕ್ಕದಲ್ಲಿ ಅಕ್ಷರಗಳು ಮೂಡಿದವು. "ಆಗಲ್ಲ. ಗಂಟಲನ್ನ ಆಸ್ಪತ್ರೆಗೆ ಕೊಟ್ಟು ಬಂದಿದೀನಿ. ಅದಿರಲಿ, ಮೊದಲು ಹೇಳಿ, ಈ ಪ್ರಶ್ನೆ ಯಾರದು?" ಅಷ್ಟು ಬರೆದು ಕಿನಾರ್ ಎಂಬ ಹೆಸರು ಪರದೆಯಿಂದ ಮಾಯವಾಯಿತು.

ಗಿಲಾಂಗ್ ತಲೆ ತಗ್ಗಿಸಿದ. ಯೋಹಾನಾ ಮೆಲ್ಲಗೆ, "ಗಂಟಲ ಪೆಟ್ಟಿಗೆ ತೆಗೆದ್ರೆ ಮಾತು ಹೋಗತ್ತೆ, ಬು. ನಮ್ಮ ವಾರ್ಡಲ್ಲೂ ಇದಾರೆ" ಅಂದಳು.

ಪಾಲುಪಿಗೆ ಅದು ಅರ್ಧಂಬರ್ಧ ಕೇಳಿತು. ಅವಳ ಕಣ್ಣು ಪರದೆಯ ಮೇಲೆ ಉಳಿದ ಸಾಲಿನಲ್ಲೇ ನೆಟ್ಟಿತ್ತು. "ಅದಿರಲಿ, ಮೊದಲು ಹೇಳಿ, ಈ ಪ್ರಶ್ನೆ ಯಾರದು?" ಯಾವ ಚರ್ಚೆಯನ್ನಾದರೂ ಹೀಗೆ ಕತ್ತು ಹಿಡಿದು ನಿಲ್ಲಿಸುತ್ತಿದ್ದವನು ಭೂಮಿಯ ಮೇಲೆ ಒಬ್ಬನೇ, ವಿರಾತ್ಮೊ.

ಗುಂಪಿಗೆ ಸೇರುವಾಗ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಹುಡುಗಿಯ ದನಿ. "ನಾನು ಕಿನಾರ್. ನಿಮ್ಮಲ್ಲಿ ಓದ್ತಿರೋದು ಅಪ್ಪ. ಆಪರೇಷನ್ ಆದ್ಮೇಲೆ ಯಾರನ್ನೂ ನೋಡಲ್ಲ ಅಂತಾರೆ. ಭಾನುವಾರ ಮಾತ್ರ ಸ್ನಾನ ಮಾಡಿ, ಕೂದಲು ಬಾಚ್ಕೊಂಡು ಕೂರ್ತಾರೆ. ಕ್ಯಾಮೆರಾ ಆನ್ ಮಾಡದೇ ಇದ್ರೂ."

ಮರುದಿನವೇ ಪಾಲುಪಿ ಎಳೆ ಬಿದಿರು ತುಂಬಿ ಸುತ್ತಿ ಕರಿದ ಬಿಸಿ ಲುಂಪಿಯಾ ಕಟ್ಟಿಸಿಕೊಂಡು ಸೋಲೊದ ರೈಲು ಹತ್ತಿದಳು.

ವಿರಾತ್ಮೊ ಜಗಲಿಯಲ್ಲಿ ಕೂತಿದ್ದ. ಕತ್ತಿಗೆ ಹತ್ತಿ ವಸ್ತ್ರ, ತಲೆ ಪೂರ್ತಿ ಬೆಳ್ಳಗೆ. ಅವಳನ್ನು ಕಂಡು ಎದ್ದು ಒಳಗೆ ಹೋಗಲು ಹೊರಟ, ಬಾಗಿಲಲ್ಲಿ ನಿಂತ, ಮತ್ತೆ ಬಂದು ಕೂತ. ಫೋನು ತೆಗೆದು ಏನೋ ಒತ್ತಿ ಅವಳ ಮುಖಕ್ಕೆ ಹಿಡಿದ.

"ಹೋದ ವಾರ ನೀನು ಹೇಳಿದ ಅರ್ಥ ತಪ್ಪು."

"ನಮಸ್ಕಾರ, ಚೆನ್ನಾಗಿದೀಯಾ ಅನ್ನೋದೆಲ್ಲ ಇಲ್ವೇನೋ ನಿಮ್ಮನೇಲಿ?" ಅಂದಳು ಪಾಲುಪಿ. ದನಿ ಒಡೆಯಿತು. ಅದನ್ನು ಮರೆಮಾಚಲು ಲುಂಪಿಯಾದ ಪೊಟ್ಟಣ ಬಿಚ್ಚತೊಡಗಿದಳು.

ಅವನು ಸಣ್ಣ ತುಂಡು ಮಾಡಿ ನಿಧಾನವಾಗಿ ತಿಂದ. ತಿನ್ನುತ್ತಲೇ ಬರೆದ. "ಆ ದಿನ ಹೇಳಿದ್ದೂ ತಪ್ಪು. ನಾನು ಓದ್ಕೊಂಡೇ ಬರ್ತಿದ್ದೆ."

"ಓದ್ಕೊಂಡು ಬರ್ತಿದ್ದೆ, ನಿಜ. ಬೇರೆಯವರಿಗೆ ಮಾತಾಡೋಕೆ ಬಿಡ್ತಿದ್ಯಾ?"

ಅವನ ಭುಜಗಳು ಕುಲುಕಿದವು. ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು, ಸದ್ದೇ ಇರಲಿಲ್ಲವಲ್ಲ. ಒಳಗಿನಿಂದ ಚಹಾ ತಂದ ಕಿನಾರ್ ಅಪ್ಪನ ಆ ಮುಖ ನೋಡಿ ತಟ್ಟೆ ಹಿಡಿದುಕೊಂಡೇ ನಿಂತಳು.

"ವಾಪಸ್ ಬಾ," ಅಂದಳು ಪಾಲುಪಿ. "ನೀನು ಬರಿ, ನಾನು ಗಟ್ಟಿಯಾಗಿ ಓದಿ ಹೇಳ್ತೀನಿ. ನಿನ್ನ ಸರದಿ ನಿನಗೆ."

"ನಿನ್ನ ಬಾಯಲ್ಲಿ ನನ್ನ ಮಾತಾ? ತಿದ್ದಿಬಿಡ್ತೀಯ."

"ಒಂದು ಅಕ್ಷರಾನೂ ಮುಟ್ಟಲ್ಲ."

"ನಿನ್ನನ್ನೇ ಬೈದಿದ್ರೆ?"

"ಬೈಗುಳಾನೂ ಓದ್ತೀನಿ, ಕಣೋ."

ಮುಂದಿನ ಭಾನುವಾರ ಕಿನಾರ್ ಎಂಬ ಹೆಸರಿನ ಜಾಗದಲ್ಲಿ ಮುಖವೊಂದು ಕಂಡಿತು. ಗಿಲಾಂಗ್ ಕ್ಷಮೆ ಕೇಳಲು ಬಾಯಿ ತೆರೆದರೆ, "ಮೇಷ್ಟ್ರೇ, ನಿಯಮ ಕೇಳಿದ್ದು ಸರಿ. ಕುಟುಕೋದು ನನ್ನ ಹುಟ್ಟುಗುಣ" ಎಂದು ಬರಹ ಬಂತು. ಪಾಲುಪಿ ಓದಿದಳು. ಅಷ್ಟರಲ್ಲಿ ಇನ್ನೊಂದು ಸಾಲು. ಅದನ್ನೂ ಓದಿದಳು. "ಇನ್ನು ಪಾಲುಪಿಯ ವಿಷಯ. ಅವಳಿಗೆ ಈ ಅಧ್ಯಾಯದ ಒಂದು ಸಾಲೂ ತಲೆಗೆ ಹತ್ತಿಲ್ಲ." ವಿದ್ಯಾರ್ಥಿಗಳು ಕಕ್ಕಾಬಿಕ್ಕಿಯಾದರು. ಪಾಲುಪಿ ಉಸಿರು ತೆಗೆದುಕೊಂಡು, "ಇದು ಅವನ ಮಾತು. ಈಗ ನನ್ನದು ಕೇಳಿ" ಎಂದು ಅವನನ್ನು ಚೆನ್ನಾಗಿ ಝಾಡಿಸಿದಳು. ಎಲ್ಲರ ಸರದಿಯೂ ಮುಗಿದ ಮೇಲೆ ಅವನು ಉತ್ತರ ಬರೆದ. ಅದನ್ನೂ ಅವಳೇ ಓದಿದಳು. ನಡುವೆ ಒಂದು ಸಾಲು ಬಂತು. "ಇನ್ನೂ ಜೋರಾಗಿ. ನಾನು ಹೀಗೆ ಮೆಲ್ಲಗೆ ಮಾತಾಡೋನಲ್ಲ." ಪಾಲುಪಿ ಕಣ್ಣೊರೆಸಿಕೊಂಡು ದನಿ ಏರಿಸಿದಳು. ಯೋಹಾನಾ ಬಿದ್ದು ಬಿದ್ದು ನಕ್ಕಳು.

ಅವನು ಬರೆದು ಮುಗಿಸುವವರೆಗೆ ಎಲ್ಲರೂ ಕಾಯಬೇಕಿತ್ತು. ಹಾಗೆ ಕಾಯುವ ಹೊತ್ತಿನಲ್ಲಿ, ಈವರೆಗೆ ಒಂದು ವಾಕ್ಯದಲ್ಲಿ ತಮ್ಮ ಸರದಿ ಮುಗಿಸುತ್ತಿದ್ದ ವಿದ್ಯಾರ್ಥಿಗಳೂ ಏನಾದರೊಂದು ಹೇಳತೊಡಗಿದರು. ಓದು ಮೊದಲಿಗಿಂತ ನಿಧಾನವಾಯಿತು. ಯಾರೂ ಬಿಟ್ಟುಹೋಗಲಿಲ್ಲ.

ಮುಂದಿನ ಅಧ್ಯಾಯವನ್ನು ಪರಿಚಯಿಸುವವರು ಯಾರು ಎಂದು ಕೇಳಿದಾಗ ವಿರಾತ್ಮೊ ಕೈ ಎತ್ತಿದ.

"ಸರಿ. ಆದ್ರೆ ಮುಂಚೇನೇ ಕಳಿಸು, ಅಭ್ಯಾಸ ಮಾಡ್ಕೋಬೇಕು ನಾನು."

ಬುಧವಾರವೇ ಬಂತು, ಮಾರುದ್ದದ ಬರಹ. ಪಾಲುಪಿ ಅಡುಗೆಮನೆಯಲ್ಲಿ ನಿಂತು ಓದತೊಡಗಿದಳು. ಮೀನು ಹೆಚ್ಚುತ್ತಿದ್ದ ಎಂಡಾ ಸ್ವಲ್ಪ ಹೊತ್ತು ಕೇಳಿ ಚಾಕು ಕೆಳಗಿಟ್ಟಳು.

"ನಿಲ್ಸು, ನಿಲ್ಸು. ಆ ವಾಕ್ಯ ಇನ್ನೊಂದ್ಸಲ ಓದು. ಅವನು ಹೇಳ್ತಿರೋದನ್ನ ನಾನು ಒಪ್ಪಲ್ಲ."